ಐಸಿಯು ರೋಗಿಯ ರಕ್ತದಲ್ಲಿ ಕ್ಯಾಂಡಿಡಾ: ಶಂಕಿಸುವುದು, ಪರೀಕ್ಷಿಸುವುದು, ಚಿಕಿತ್ಸೆ ಆರಂಭಿಸುವುದು

ಐಸಿಯುನಲ್ಲಿ ವಾರ ಕಳೆದ ರೋಗಿಗೆ ಪ್ರಬಲ ಆ್ಯಂಟಿಬಯೋಟಿಕ್ ನಡೆಯುತ್ತಿರುವಾಗಲೇ ಮತ್ತೆ ಜ್ವರ ಕಾಣಿಸಿಕೊಂಡರೆ, ಅಥವಾ ಸ್ಪಷ್ಟ ಕಾರಣವಿಲ್ಲದೆ ರಕ್ತದೊತ್ತಡ ಕುಸಿದರೆ, ಇನ್ನೊಂದು ಆ್ಯಂಟಿಬಯೋಟಿಕ್ ಬರೆಯುವ ಮುನ್ನ ಶಿಲೀಂಧ್ರದ ಸೋಂಕು ಇರಬಹುದೇ ಎಂದು ಯೋಚಿಸಬೇಕು. ಇಂಥ ರೋಗಿಗಳ ರಕ್ತದಲ್ಲಿ ಹೆಚ್ಚಾಗಿ ಸಿಗುವ ಶಿಲೀಂಧ್ರ ಕ್ಯಾಂಡಿಡಾ. ಅದು ಆರೋಗ್ಯವಂತರ ಕರುಳು, ಬಾಯಿ, ಚರ್ಮದಲ್ಲೂ ಇರುವಂಥದ್ದು. ಅದನ್ನು ಹದ್ದುಬಸ್ತಿನಲ್ಲಿಟ್ಟಿದ್ದ ಬ್ಯಾಕ್ಟೀರಿಯಾಗಳು ಆ್ಯಂಟಿಬಯೋಟಿಕ್‌ನಿಂದ ಸತ್ತಾಗ ಅದು ಬೆಳೆಯುತ್ತದೆ, ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕಿದ ಕೊಳವೆ) ಅಥವಾ ಸೋರುತ್ತಿರುವ ಕರುಳಿನ ಮೂಲಕ ರಕ್ತಕ್ಕೆ ಇಳಿಯುತ್ತದೆ. ಹಾಗಾಗಿ ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರು, ಮೇದೋಜೀರಕ ಗ್ರಂಥಿಯ ತೀವ್ರ ಉರಿಯೂತವಿರುವವರು, ರಕ್ತನಾಳದ ಮೂಲಕವೇ ಪೋಷಣೆ ಪಡೆಯುತ್ತಿರುವವರು, ಡಯಾಲಿಸಿಸ್‌ನಲ್ಲಿರುವವರು ಮತ್ತು ಸ್ಟೀರಾಯ್ಡ್ ಪಡೆಯುತ್ತಿರುವವರ ಮೇಲೆ ವಿಶೇಷ ನಿಗಾ ಇಡಬೇಕು.

ಶಂಕೆ ಬಂದ ಕೂಡಲೇ ಮಾಡಬೇಕಾದದ್ದು ಬ್ಲಡ್ ಕಲ್ಚರ್, ಅಂದರೆ ರಕ್ತದಲ್ಲಿರುವ ಸೂಕ್ಷ್ಮಜೀವಿಯನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಗುರುತಿಸುವ ಪರೀಕ್ಷೆ. ಅನೇಕ ಕಡೆ ಎಡವುವುದು ಇಲ್ಲಿಯೇ, ಏಕೆಂದರೆ ತೆಗೆಯುವ ರಕ್ತ ಸಾಲುವುದಿಲ್ಲ. ವಯಸ್ಕರಲ್ಲಿ ಬಾಟಲಿಗೆ 10 ಮಿಲಿಲೀಟರ್‌ನಂತೆ ಎರಡು ಬಾಟಲಿಯ ಒಂದು ಸೆಟ್, ಅಂಥ ಕನಿಷ್ಠ ಎರಡು ಸೆಟ್ ಬೇಕು. ಒಂದನ್ನು ಕೈಯ ರಕ್ತನಾಳದಿಂದ, ಇನ್ನೊಂದನ್ನು ಸೆಂಟ್ರಲ್ ಲೈನ್‌ನಿಂದ ತೆಗೆಯಬಹುದು. ಚರ್ಮಕ್ಕೆ ಆಲ್ಕೋಹಾಲ್ ಬೆರೆತ ಕ್ಲೋರ್‌ಹೆಕ್ಸಿಡಿನ್ ಉಜ್ಜಿ ಅದು ತಾನಾಗಿ ಒಣಗುವವರೆಗೆ ಕಾಯಬೇಕು, ಬಾಟಲಿಯ ರಬ್ಬರ್ ಮುಚ್ಚಳವನ್ನೂ ಸ್ಪಿರಿಟ್‌ನಿಂದ ಒರೆಸಬೇಕು. ಇಷ್ಟೆಲ್ಲ ಮಾಡಿದರೂ ಕಲ್ಚರ್ ಸುಮಾರು ಅರ್ಧದಷ್ಟು ಸೋಂಕುಗಳನ್ನು ಮಾತ್ರ ಹಿಡಿಯುತ್ತದೆ. ನೆಗೆಟಿವ್ ವರದಿ ಬಂದ ಮಾತ್ರಕ್ಕೆ ಶಂಕೆಯನ್ನು ಕೈಬಿಡುವಂತಿಲ್ಲ.

ಇದಕ್ಕೆ ತದ್ವಿರುದ್ಧವಾದ ತಪ್ಪೂ ಅಷ್ಟೇ ಸಾಮಾನ್ಯ. ವೆಂಟಿಲೇಟರ್‌ನಲ್ಲಿರುವ ರೋಗಿಯ ಕಫದಲ್ಲಿ ಕ್ಯಾಂಡಿಡಾ ಬೆಳೆದರೆ ಅದು ಬಹುಪಾಲು ಶ್ವಾಸನಾಳದಲ್ಲಿ ಸುಮ್ಮನೆ ನೆಲೆಸಿರುವುದೇ ಹೊರತು ನ್ಯುಮೋನಿಯಾ ಅಲ್ಲ. ಅದೊಂದರ ಆಧಾರದ ಮೇಲೆ ಔಷಧ ಕೊಡಬಾರದು. ಮೂತ್ರದಲ್ಲಿ ಕಂಡರೆ ಕ್ಯಾತಿಟರ್ (ಮೂತ್ರದ ಕೊಳವೆ) ತೆಗೆಯುವುದು ಅಥವಾ ಬದಲಿಸುವುದು ಮೊದಲ ಹೆಜ್ಜೆ. ಆದರೆ ರಕ್ತದಲ್ಲಿ ಒಂದೇ ಒಂದು ಬಾಟಲಿಯಲ್ಲಿ ಕ್ಯಾಂಡಿಡಾ ಬೆಳೆದರೂ ಅದನ್ನು ಕಲ್ಮಶವೆಂದು ಬದಿಗಿಡುವ ಹಾಗಿಲ್ಲ, ಚಿಕಿತ್ಸೆ ನೀಡಲೇಬೇಕು.

ತೀವ್ರ ಅಸ್ವಸ್ಥರಾದ ವಯಸ್ಕರಿಗೆ ಮೊದಲ ಆಯ್ಕೆ ಎಕೈನೊಕ್ಯಾಂಡಿನ್ ಗುಂಪಿನ ಶಿಲೀಂಧ್ರನಾಶಕ ಔಷಧ: ಕ್ಯಾಸ್ಪೊಫಂಜಿನ್ ಆದರೆ ಮೊದಲ ದಿನ 70 ಮಿಲಿಗ್ರಾಂ, ಅನಂತರ ದಿನಕ್ಕೆ 50, ಮೈಕಾಫಂಜಿನ್ ಆದರೆ ದಿನಕ್ಕೆ 100. ರೋಗಿ ಆಘಾತ ಸ್ಥಿತಿಯಲ್ಲಿದ್ದು (ಶಾಕ್, ಅಂದರೆ ರಕ್ತದೊತ್ತಡ ಕುಸಿದು ಅಂಗಗಳಿಗೆ ರಕ್ತ ಸಾಲದಿರುವುದು) ಅಪಾಯಕಾರಿ ಅಂಶಗಳೂ ಇದ್ದರೆ, ಕಲ್ಚರ್‌ಗೆ ರಕ್ತ ತೆಗೆದ ಮೇಲೆ ವರದಿಗೆ ಕಾಯದೆ ಔಷಧ ಆರಂಭಿಸುವುದು ಸರಿ. ಸೋಂಕಿನ ಮೂಲ ಸೆಂಟ್ರಲ್ ಲೈನ್ ಎಂಬ ಶಂಕೆಯಿದ್ದು ಅದನ್ನು ಸುರಕ್ಷಿತವಾಗಿ ತೆಗೆಯಬಹುದಾದರೆ ಆದಷ್ಟು ಬೇಗ ತೆಗೆಯಬೇಕು. ರಕ್ತ ಶುದ್ಧವಾಗುವವರೆಗೆ ಪ್ರತಿದಿನ ಅಥವಾ ದಿನ ಬಿಟ್ಟು ದಿನ ಕಲ್ಚರ್ ಕಳುಹಿಸಬೇಕು. ಸೋಂಕು ಬೇರೆ ಅಂಗಕ್ಕೆ ಹರಡಿರದಿದ್ದರೆ, ಮೊದಲ ನೆಗೆಟಿವ್ ಕಲ್ಚರ್‌ನ ದಿನದಿಂದ ಲೆಕ್ಕ ಹಾಕಿ 14 ದಿನ ಚಿಕಿತ್ಸೆ ಮುಂದುವರಿಸಬೇಕು. ಔಷಧ ಆರಂಭಿಸಿದ ದಿನದಿಂದ ಎಣಿಸಬಾರದು. ಕಣ್ಣಿನ ಒಳಪದರಕ್ಕೂ ಈ ಸೋಂಕು ತಲುಪಬಲ್ಲದು, ಪ್ರಜ್ಞೆಯಿಲ್ಲದ ರೋಗಿ ದೃಷ್ಟಿ ಮಂಜಾಯಿತೆಂದು ಹೇಳಲಾರ. ಆದ್ದರಿಂದ ಮೊದಲ ವಾರದಲ್ಲೇ ನೇತ್ರತಜ್ಞರನ್ನು ಕರೆಸಿ, ಕಣ್ಣಿನ ಪಾಪೆ ಹಿಗ್ಗಿಸಿ ಪರೀಕ್ಷೆ ಮಾಡಿಸಬೇಕು. ಎಕೈನೊಕ್ಯಾಂಡಿನ್ ಔಷಧಗಳು ಕಣ್ಣಿಗೂ ಮಿದುಳಿಗೂ ಸಾಕಷ್ಟು ತಲುಪುವುದಿಲ್ಲವಾದ್ದರಿಂದ ಅಲ್ಲಿ ಸೋಂಕು ಕಂಡರೆ ಚಿಕಿತ್ಸೆಯನ್ನೇ ಬದಲಿಸಬೇಕಾಗುತ್ತದೆ.

ವರದಿಯಲ್ಲಿ ಕ್ಯಾಂಡಿಡಾ ಆರಿಸ್ ಎಂದು ಬಂದರೆ ಎಚ್ಚರ ಇಮ್ಮಡಿಯಾಗಬೇಕು. 2009ರಲ್ಲಿ ಜಪಾನಿನಲ್ಲಿ ಮೊದಲು ವರ್ಣಿತವಾದ ಈ ಪ್ರಭೇದ ಇಂದು ಭಾರತದ ಐಸಿಯುಗಳಲ್ಲೂ ಇದೆ. ಸಾಮಾನ್ಯವಾಗಿ ಬಳಸುವ ಶಿಲೀಂಧ್ರನಾಶಕ ಫ್ಲುಕೊನಜೋಲ್ ಇದರ ಮೇಲೆ ಹೆಚ್ಚಾಗಿ ಕೆಲಸ ಮಾಡುವುದಿಲ್ಲ, ಹಳೆಯ ಗುರುತಿಸುವ ಯಂತ್ರಗಳು ಇದನ್ನು ಕ್ಯಾಂಡಿಡಾ ಹೀಮುಲೋನಿ ಎಂದು ತಪ್ಪಾಗಿ ತೋರಿಸುವುದುಂಟು. ಮಂಚದ ಕಂಬಿ, ಬಿಪಿ ಪಟ್ಟಿ, ಸ್ಟೆತಸ್ಕೋಪ್‌ಗಳ ಮೇಲೆ ಇದು ವಾರಗಟ್ಟಲೆ ಬದುಕುತ್ತದೆ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನ ಐಸಿಯುವೊಂದರಲ್ಲಿ ಇದು ಹರಡಿದ ದಾರಿಯನ್ನು ಹುಡುಕಿದಾಗ ಸಿಕ್ಕಿದ್ದು ಕಂಕುಳಲ್ಲಿ ಇಡುವ, ಮತ್ತೆ ಮತ್ತೆ ಬಳಸುವ ತಾಪಮಾಪಕ. ಹಾಗಾಗಿ ರೋಗಿಯನ್ನು ಪ್ರತ್ಯೇಕ ಕೊಠಡಿಯಲ್ಲಿಟ್ಟು, ಉಪಕರಣಗಳನ್ನು ಆ ರೋಗಿಗೇ ಮೀಸಲಿಟ್ಟು, ಗ್ಲೌಸ್ ಮತ್ತು ಗೌನ್ ಧರಿಸಿ ಆರೈಕೆ ಮಾಡಿ, ಹಾಸಿಗೆಯ ಸುತ್ತಲಿನ ಜಾಗವನ್ನು ಕ್ಲೋರಿನ್ ದ್ರಾವಣದಿಂದ ಒರೆಸಬೇಕು. ರೋಗಿಯನ್ನು ಬೇರೆ ಆಸ್ಪತ್ರೆಗೆ ಕಳುಹಿಸುವಾಗ ರೆಫರಲ್ ಚೀಟಿಯಲ್ಲಿ ಈ ಶಿಲೀಂಧ್ರದ ಹೆಸರನ್ನು ಸ್ಪಷ್ಟವಾಗಿ ಬರೆದು, ಆಂಬುಲೆನ್ಸ್ ಹೊರಡುವ ಮೊದಲೇ ಅಲ್ಲಿನ ಐಸಿಯುಗೆ ಫೋನ್ ಮಾಡಿ ತಿಳಿಸಬೇಕು.