ಬಗ್ಗದ ನರಹುಲಿಗೆ ಲೇಸರ್ ಶಾಖ

ಲೇಸರ್‌ಗೆ ಮುಂಚೆ ಅದು ನರಹುಲಿಯೇ ಹೌದೋ ಅಲ್ಲವೋ ಖಾತ್ರಿಯಾಗಬೇಕು. ಮಂಡ್ಯ ಕಡೆ ಗದ್ದೆ ಕೆಲಸದವರ ಅಂಗಾಲಲ್ಲಿ ಆಣಿಯೂ ಇರುತ್ತೆ, ನರಹುಲಿಯೂ ಇರುತ್ತೆ. ಚರ್ಮದ ಗೆರೆ ಗಂಟಿನ ಮೇಲೂ ಹಾದುಹೋಗಿದ್ದರೆ ಆಣಿ. ಗೆರೆ ಅಂಚಿಗೇ ನಿಂತು, ಮೇಲಿನ ದಡ್ಡು ಹೆರೆದಾಗ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು ಕಂಡರೆ ನರಹುಲಿ. ಅವು ‘ಬೇರು’ ಅಲ್ಲ, ಹೆಪ್ಪುಗಟ್ಟಿದ ಕಿರು ರಕ್ತನಾಳಗಳು. ಅನುಮಾನವಿದ್ದರೆ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೋ ಮಂಡ್ಯದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಮಿಮ್ಸ್‌ನಲ್ಲೋ ಚರ್ಮರೋಗ ವಿಭಾಗಕ್ಕೆ ತೋರಿಸಿ.

ಮೊದಲ ಮದ್ದು ಲೇಸರ್ ಅಲ್ಲ, ದಡ್ಡು ಮೆತ್ತಗಾಗಿಸಿ ಕಳಚುವ ಸ್ಯಾಲಿಸಿಲಿಕ್ ಆಸಿಡ್. ಮೂರು ತಿಂಗಳು ದಿನಾ ಹಚ್ಚಿಯೂ ಬಗ್ಗದಿದ್ದರೆ ಮುಂದಿನ ಮಾತು. ಸಕ್ಕರೆ ಕಾಯಿಲೆಯವರು ವೈದ್ಯರನ್ನು ಕೇಳದೆ ಕಾಲಿಗೆ ಅದನ್ನೂ ಹಚ್ಚಬಾರದು.

ಊದುಬತ್ತಿಯಲ್ಲಿ ಸುಟ್ಟುಕೊಳ್ಳುವವರು ಇನ್ನೂ ಇದ್ದಾರೆ. ಅದು ಮೇಲ್ಪದರ ಸುಡುತ್ತೆ, ಕಲೆ ಉಳಿಸುತ್ತೆ, ನರಹುಲಿ ಎಬ್ಬಿಸುವ ವೈರಸ್ ಇದ್ದಲ್ಲೇ ಇರುತ್ತೆ. ಇದಕ್ಕೆ ಬಳಸುವ ಎನ್‌ಡಿ-ಯಾಗ್ ಎಂಬ ಲೇಸರ್‌ನ ಬೆಳಕು (ತರಂಗಾಂತರ 1064 ನ್ಯಾನೋಮೀಟರ್) ಒಳಕ್ಕಿಳಿದು, ನರಹುಲಿಗೆ ರಕ್ತ ಒದಗಿಸುವ ನಾಳಗಳನ್ನು ಕಾಯಿಸಿ ಮುಚ್ಚುತ್ತೆ.

ಎಲ್ಲ ನಿಂತಿರುವುದು ಹೆರೆಯುವುದರ ಮೇಲೆ. ಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ನೆನೆಸಿದ ಮೇಲೆ ವೈದ್ಯರು 15ನೇ ನಂಬರ್ ಬ್ಲೇಡಿನಿಂದ ದಡ್ಡು ತೆಗೆಯುತ್ತಾರೆ. ದಡ್ಡು ಉಳಿದರೆ ಶಾಖ ಮೇಲೇ ಕಳೆದುಹೋಗುತ್ತೆ. ಅತಿಯಾಗಿ ಹೆರೆದು ರಕ್ತ ಜಿನುಗಿದರೆ ಆ ರಕ್ತವೇ ಬೆಳಕು ಹೀರಿ ಮೇಲೆ ಕರಕಲಾಗುತ್ತೆ. ಅಂಗಾಲಿನ ದಪ್ಪ ಚರ್ಮಕ್ಕೆ ಮರಗಟ್ಟಿಸುವ ಕ್ರೀಮ್ ಸಾಲದು, ಮರಗಟ್ಟಿಸುವ ಮದ್ದು ಲಿಗ್ನೋಕೇನ್‌ನ ಇಂಜೆಕ್ಷನ್ನೇ ಬೇಕು. ಒರೆಸಿದ ಸ್ಪಿರಿಟ್ ಪೂರ್ತಿ ಆರಲಿ, ಇಲ್ಲದಿದ್ದರೆ ಬೆಂಕಿ ಹೊತ್ತಿಕೊಳ್ಳಬಹುದು.

ಬೆಳಕು ಬೀಳುವ ಚುಕ್ಕೆ 5 ಮಿ.ಮೀ., ಒಂದು ಹೊಡೆತ 20 ಮಿಲಿಸೆಕೆಂಡ್, ಶಕ್ತಿ ಚದರ ಸೆಂ.ಮೀ.ಗೆ 200 ಜೌಲ್: ಅಂಗಾಲಿಗೆ ಬಳಸಿರುವ ಒಂದು ಲೆಕ್ಕ ಇದು. ತೆಳು ಚರ್ಮಕ್ಕೆ ಇಷ್ಟು ಬೇಡವೇ ಬೇಡ. ಸುತ್ತ 1 ಮಿ.ಮೀ. ಸೇರಿಸಿ ಹೊಡೆಯದಿದ್ದರೆ ಅಂಚಲ್ಲೇ ಮತ್ತೆ ಎದ್ದೇಳುತ್ತೆ. ಒಂದೇ ಜಾಗಕ್ಕೆ ಮೇಲಿಂದ ಮೇಲೆ ಹೊಡೆದರೆ ಆಳವಾದ ಸುಟ್ಟಗಾಯ. ಉಗುರಿನ ಬುಡದಲ್ಲಾದರೆ ಉಗುರೇ ಸೊಟ್ಟಗೆ ಬೆಳೆಯಬಹುದು. ಕೋಣೆಯಲ್ಲಿರುವ ಎಲ್ಲರಿಗೂ ಆ ತರಂಗಾಂತರದ ಬೆಳಕು ತಡೆಯುವ ಕನ್ನಡಕ ಬೇಕು. ಹೊಗೆ ಎದ್ದರೆ ಅದರಲ್ಲೂ ವೈರಸ್ ಇರಬಹುದು, ಎನ್95 ಮಾಸ್ಕ್ ಹಾಕಿ.

ಮಾರನೆಯ ದಿನ ರಕ್ತ ತುಂಬಿದ ಗುಳ್ಳೆ ಎದ್ದರೆ ಗಾಬರಿ ಬೇಡ, ಒಡೆಯಲೂ ಬೇಡಿ. ಗಾಯ ಆರುವ ತನಕ ಕೆಸರುಗದ್ದೆಗೆ ಇಳಿಯಬೇಡಿ. ಕೀವು, ಹರಡುವ ಕೆಂಪು, ಜ್ವರ ಕಂಡರೆ ಅವತ್ತೇ ಆಸ್ಪತ್ರೆಗೆ ಹೋಗಿ. ನಮ್ಮ ಮೈಬಣ್ಣಕ್ಕೆ ಕಪ್ಪು ಕಲೆ ಕೆಲವು ತಿಂಗಳು ಉಳಿಯುವುದುಂಟು. ಮುಂದಿನ ಸರದಿ ಸುಮಾರು ನಾಲ್ಕು ವಾರಕ್ಕೆ.

ಬಚ್ಚಲಲ್ಲಿರುವ ಕಾಲುಜ್ಜುವ ಕಲ್ಲನ್ನು ಇವತ್ತೇ ಎಸೆಯಿರಿ. ಅದರಿಂದ ಮನೆಯವರಿಗೂ ಅಂಟುತ್ತೆ.