ಇಂಗ್ಲೆಂಡಿಗೆ ಹೊಸದಾಗಿ ಬಂದವರಿಗೆ: ಇಲ್ಲಿನ ಡಾಕ್ಟರ್ ಹೀಗೇಕೆ ಮಾಡುತ್ತಾರೆ?

ನಾವು ಇಲ್ಲಿಗೆ ಬಂದ ಮೊದಲ ಡಿಸೆಂಬರಿನಲ್ಲಿ ಮಗಳಿಗೆ ಜ್ವರ, ಗಂಟಲು ನೋವು ಬಂತು. ಆಗ ಅವಳಿಗೆ ಆರು ವರ್ಷ. ಉಗುಳು ನುಂಗೋಕೂ ಅಳುತ್ತಿದ್ದಳು. ನಾಲ್ಕನೇ ದಿನ ಅಂತೂ ಅಪಾಯಿಂಟ್‌ಮೆಂಟ್ ಸಿಕ್ಕಿತು. ಡಾಕ್ಟರ್ ಬಾಯಿ ತೆಗೆಸಿ ಟಾರ್ಚ್ ಹಾಕಿ ನೋಡಿದರು. ಕತ್ತು ಮುಟ್ಟಿ ನೋಡಿದರು. ಕೆಮ್ಮು ಇದೆಯಾ, ಎಷ್ಟು ದಿನವಾಯ್ತು ಅಂತ ಕೇಳಿದರು. ಆಮೇಲೆ, "ಪ್ಯಾರಸಿಟಮಾಲ್ ಕೊಡಿ, ನೀರು ಕುಡಿಸಿ, ಒಂದು ವಾರದಲ್ಲಿ ಹೋಗುತ್ತೆ" ಅಂದರು. ಕೈಗೆ ಒಂದು ಚೀಟಿಯೂ ಇಲ್ಲ. ಬಸ್ ಸ್ಟಾಪಿನಲ್ಲಿ ಮಗಳನ್ನು ಎತ್ತಿಕೊಂಡು ನಿಂತಾಗ ನನಗೂ ಅಳು ಬಂತು. ಅಮ್ಮನಿಗೆ ಫೋನ್ ಮಾಡಿ, "ಇಲ್ಲಿ ಮಕ್ಕಳನ್ನು ಯಾರೂ ಸರಿಯಾಗಿ ನೋಡಲ್ಲಮ್ಮ" ಅಂದೆ. ಮೂರು ದಿನಕ್ಕೆ ಮಗಳು ಎದ್ದು ಆಡಿದಳು.

ಮುಂದೆ ಸಂಘದ ಯುಗಾದಿ ಊಟದಲ್ಲಿ ನಮ್ಮವರೇ ಆದ ಒಬ್ಬ ಡಾಕ್ಟರ್ ಪಕ್ಕದಲ್ಲಿ ಕೂತಿದ್ದರು. ಈ ಕಥೆ ಹೇಳಿದೆ. ಅವರು ಬೆರಳು ಮಡಿಚಿ ಎಣಿಸಿದರು. ಹಿಂದಿನ ಒಂದು ದಿನದಲ್ಲಿ ಜ್ವರ ಇತ್ತಾ? ಟಾನ್ಸಿಲ್ ಮೇಲೆ ಕೀವು ಇತ್ತಾ? ಮೂರು ದಿನದೊಳಗೇ ಡಾಕ್ಟರ ಹತ್ತಿರ ಹೋಗುವಷ್ಟು ಬೇಗ ಜೋರಾಯಿತಾ? ಟಾನ್ಸಿಲ್ ತುಂಬಾ ಕೆಂಪಗೆ ಊದಿತ್ತಾ? ಕೆಮ್ಮು ನೆಗಡಿ ಇರಲಿಲ್ಲವಾ? ಒಂದೊಂದು ಹೌದಿಗೆ ಒಂದು ಅಂಕ. ಸೊನ್ನೆ ಅಥವಾ ಒಂದು ಬಂದರೆ ಆಂಟಿಬಯೋಟಿಕ್ ಕೊಡುವುದಿಲ್ಲ. ನಾಲ್ಕು ಅಥವಾ ಐದು ಬಂದರೆ ಕೊಡುವ ಯೋಚನೆ ಮಾಡುತ್ತಾರೆ. ಮಧ್ಯದಲ್ಲಿದ್ದರೆ ಕೊಡದೇ ಇರಬಹುದು, ಇಲ್ಲಾ "ಕಡಿಮೆಯಾಗದಿದ್ದರೆ ಮಾತ್ರ ತಗೊಳ್ಳಿ" ಅಂತ ಚೀಟಿ ಬರೆದುಕೊಡಬಹುದು. ನನ್ನ ಮಗಳಿಗೆ ಬಂದಿದ್ದು ಒಂದೇ ಅಂಕ. ಆ ಡಾಕ್ಟರ್ ಸುಮ್ನೆ ಕಳಿಸಿರಲಿಲ್ಲ, ಲೆಕ್ಕ ಹಾಕಿ ಕಳಿಸಿದ್ದರು. ಆ ಲೆಕ್ಕ ಏನು ಅಂತ ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ತೊಂದರೆ ಆಗಿದ್ದು ಅಲ್ಲಿ.

ಊರಲ್ಲಿ ನಾವು ಕೈಗುಣ ಚೆನ್ನಾಗಿರುವ ಡಾಕ್ಟರನ್ನು ಹುಡುಕುತ್ತೇವೆ. ಇಲ್ಲಿ ಹೆಚ್ಚಿನ ವಿಷಯಗಳಿಗೆ ಬರೆದಿಟ್ಟ ಮಾರ್ಗಸೂಚಿ ಇದೆ. ಅದನ್ನು ಮಾಡುವ ಸಂಸ್ಥೆಯ ಹೆಸರು ನೈಸ್, 1999ರಲ್ಲಿ ಶುರುವಾಯಿತು. ಯಾವ ಔಷಧಿಯಿಂದ ನಿಜಕ್ಕೂ ಗುಣವಾಗುತ್ತೆ, ಯಾರಿಗೆ ಯಾವ ಪರೀಕ್ಷೆ ಬೇಕು ಅಂತ ತಜ್ಞರು ಕೂತು ಅಧ್ಯಯನಗಳನ್ನು ಓದಿ ಬರೆಯುತ್ತಾರೆ. ಅದು ಗುಟ್ಟಲ್ಲ, ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ಓದಬಹುದು. ಹಾಗಾಗಿ "ಯಾಕೆ ಔಷಧಿ ಬೇಡ?", "ಯಾವಾಗ ವಾಪಸ್ ಬರಬೇಕು?" ಅಂತ ಕೇಳುವುದು ಇಲ್ಲಿ ಎದುರು ಮಾತಲ್ಲ. ಕೇಳಿ. ಹೊಸಬರಿಗೆ ನಾನು ಮೊದಲು ಹೇಳುವ ಮಾತು ಇದೇ.

ಬಂದ ವಾರದಲ್ಲೇ ಮಾಡಬೇಕಾದ್ದು

ಮನೆ ಸಿಕ್ಕ ಕೂಡಲೇ ಹತ್ತಿರದ ಜಿಪಿ ಬಳಿ ಮನೆಯವರೆಲ್ಲರ ಹೆಸರು ನೋಂದಾಯಿಸಿ. ಜ್ವರ ಬಂದ ಮೇಲೆ ಮಾಡೋಣ ಅಂತ ಬಿಡಬೇಡಿ. ಜಿಪಿ ಅಂದರೆ ನಮ್ಮ ಫ್ಯಾಮಿಲಿ ಡಾಕ್ಟರ್. ಅವರ ಕ್ಲಿನಿಕ್ಕಿಗೆ ಇಲ್ಲಿ ಸರ್ಜರಿ ಅಂತಾರೆ, ಅದನ್ನು ಕೇಳಿ ಆಪರೇಷನ್ ಅಂತ ಗಾಬರಿ ಬೇಡ. ನೋಂದಣಿಗೆ ಪಾಸ್‌ಪೋರ್ಟ್, ವಿಳಾಸದ ದಾಖಲೆ ಕೇಳಬಹುದು. ಇದ್ದರೆ ಕೊಡಿ, ಇಲ್ಲದಿದ್ದರೂ ನೋಂದಾಯಿಸಿಕೊಳ್ಳಬೇಕು ಅಂತಲೇ ಇಂಗ್ಲೆಂಡಿನ ನಿಯಮ ಇದೆ. ಕೆಲವು ಸಲ ಕೌಂಟರಿನಲ್ಲಿರುವವರಿಗೇ ಅದು ಗೊತ್ತಿರುವುದಿಲ್ಲ. ಸಮಾಧಾನವಾಗಿ ಹೇಳಿ.

ವೀಸಾ ಜೊತೆ ನೀವು ಆರೋಗ್ಯ ಸರ್ಚಾರ್ಜ್ ಕಟ್ಟಿರುತ್ತೀರಿ. 2024ರ ಫೆಬ್ರವರಿಯಿಂದ ಅದು ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೆ ಮತ್ತು ವಿದ್ಯಾರ್ಥಿಗಳಿಗೆ 776. ಇಷ್ಟು ಕಟ್ಟಿಯೂ "ಡಾಕ್ಟರ ಹತ್ತಿರ ಹೋದರೆ ಬಿಲ್ ಬರುತ್ತೇನೋ" ಅಂತ ಹೆದರಿ ಮನೆಯಲ್ಲೇ ನರಳಿದವರನ್ನು ನೋಡಿದ್ದೇನೆ. ಜಿಪಿಯನ್ನು ನೋಡಲು ಫೀಸ್ ಇಲ್ಲ. ಸ್ಕ್ಯಾನಿಗೆ, ಆಸ್ಪತ್ರೆಗೆ ಸೇರಿದ್ದಕ್ಕೆ, ಹೆರಿಗೆಗೆ ಬಿಲ್ ಬರುವುದಿಲ್ಲ.

ಸಣ್ಣಪುಟ್ಟದಕ್ಕೆ ಮೊದಲು ಫಾರ್ಮಸಿಗೆ ಹೋಗಿ. 2024ರ ಜನವರಿ ಕೊನೆಯಿಂದ ಇಂಗ್ಲೆಂಡಿನ ಫಾರ್ಮಸಿಸ್ಟರೇ ಏಳು ತೊಂದರೆಗಳಿಗೆ, ಬೇಕಾದರೆ ಆಂಟಿಬಯೋಟಿಕ್ ಸಮೇತ, ಔಷಧಿ ಕೊಡಬಹುದು: ಗಂಟಲು ನೋವು, ಮಕ್ಕಳ ಕಿವಿ ನೋವು, ಸೈನಸ್, ಹುಳ ಕಚ್ಚಿ ಸೋಂಕಾಗಿದ್ದು, ಇಂಪೆಟಿಗೊ ಅನ್ನುವ ಚರ್ಮದ ಹುಣ್ಣು, ಸರ್ಪಸುತ್ತು, ಹೆಂಗಸರ ಉರಿಮೂತ್ರ. ಕೆಲವಕ್ಕೆ ವಯಸ್ಸಿನ ಮಿತಿ ಇದೆ, ಕೌಂಟರಿನಲ್ಲೇ ಹೇಳುತ್ತಾರೆ. ರಾತ್ರಿ ಹೊತ್ತು ಏನು ಮಾಡಬೇಕು ಅಂತ ತೋಚದಿದ್ದರೆ 111ಕ್ಕೆ ಫೋನ್ ಮಾಡಿ. ಎದೆ ನೋವು, ಮುಖ ಸೊಟ್ಟಗಾಗುವುದು, ಮಾತು ತೊದಲುವುದು, ಉಸಿರಾಡಲು ಒದ್ದಾಟ, ಇಂಥದ್ದಕ್ಕೆ ತಡಮಾಡದೆ ಆಂಬ್ಯುಲೆನ್ಸಿಗೆ 999. ಹಲ್ಲಿನ ಡಾಕ್ಟರು ಸರ್ಕಾರಿ ಲೆಕ್ಕದಲ್ಲಿ ಸಿಗುವುದು ತುಂಬಾ ಕಷ್ಟ. ಊರಿಗೆ ಹೋದಾಗ ತೋರಿಸಿಕೊಂಡು ಬರುವವರೇ ನಮ್ಮಲ್ಲಿ ಜಾಸ್ತಿ.

ಮಕ್ಕಳ ಜ್ವರ

ನಮ್ಮ ಅಭ್ಯಾಸಕ್ಕೂ ಇಲ್ಲಿನ ಮಾರ್ಗಸೂಚಿಗೂ ಹೆಚ್ಚು ತಿಕ್ಕಾಟ ಆಗುವುದು ಇಲ್ಲೇ. ಜ್ವರ ಬಂದ ಮಗುವಿನ ಹಣೆಗೆ ಒದ್ದೆ ಬಟ್ಟೆ ಹಾಕಿ, ಮೈಯೆಲ್ಲಾ ಒರೆಸುತ್ತೇವೆ ಅಲ್ವಾ? ಇಲ್ಲಿ ಅದು ಬೇಡ ಅಂತಾರೆ. ಕಂಬಳಿ ಹೊದಿಸುವುದೂ ಬೇಡ, ಬಟ್ಟೆ ಪೂರ್ತಿ ಬಿಚ್ಚುವುದೂ ಬೇಡ. ಜ್ವರ ಇದ್ದೂ ಮಗು ಆಡಿಕೊಂಡಿದ್ದರೆ ಔಷಧಿಯ ಅವಸರವೂ ಇಲ್ಲ. ಸಂಕಟಪಡುತ್ತಿದ್ದರೆ ಪ್ಯಾರಸಿಟಮಾಲ್ ಅಥವಾ ಐಬುಪ್ರೊಫೆನ್ ಕೊಡಿ, ಎರಡನ್ನೂ ಒಟ್ಟಿಗೆ ಬೇಡ. ಡಾಕ್ಟರ್ ನೋಡುವುದು ಥರ್ಮಾಮೀಟರ್ ಒಂದನ್ನೇ ಅಲ್ಲ. ಮಗು ಕರೆದರೆ ತಿರುಗುತ್ತಾ, ಕುಡಿಯುತ್ತಾ, ಉಚ್ಚೆ ಹೊಯ್ಯುತ್ತಾ, ಉಸಿರು ಹೇಗಿದೆ, ಇವೆಲ್ಲ. ಫೋನಿನಲ್ಲಿ ಮಾತಾಡುವಾಗ ನೀವಾಗಿಯೇ ಇದನ್ನು ಹೇಳಿ. "ಬೆಳಗ್ಗೆಯಿಂದ ಒಂದೇ ಡೈಪರ್ ಒದ್ದೆಯಾಗಿದೆ" ಅನ್ನುವ ಮಾತಿಗೆ "ತುಂಬಾ ಸುಸ್ತಾಗಿದೆ" ಅನ್ನುವುದಕ್ಕಿಂತ ಜಾಸ್ತಿ ತೂಕ ಇದೆ.

ಆದರೆ ಮೂರು ತಿಂಗಳು ತುಂಬದ ಕೂಸಿಗೆ 38 ಡಿಗ್ರಿ ಬಂದರೆ ಕಾಯಲೇಬೇಡಿ. ನಮ್ಮ ಲೆಕ್ಕದಲ್ಲಿ ಅದು 100.4. ಮೂರರಿಂದ ಆರು ತಿಂಗಳ ಕೂಸಿಗೆ 39 ಬಂದರೂ ಹಾಗೆಯೇ. ಮೈಮೇಲೆ ಕಲೆ ಎದ್ದರೆ ಗಾಜಿನ ಲೋಟವನ್ನು ಒತ್ತಿ ನೋಡಿ. ಕಲೆ ಮಾಯವಾಗದಿದ್ದರೆ ಮೆದುಳು ಜ್ವರದ ಅನುಮಾನ, 999. ನಮ್ಮ ಕಂದು ಚರ್ಮದಲ್ಲಿ ಆ ಕಲೆ ಸುಲಭವಾಗಿ ಕಾಣುವುದಿಲ್ಲ. ಅಂಗೈ, ಅಂಗಾಲು, ರೆಪ್ಪೆಯ ಒಳಗೆ, ಬಾಯಿಯ ಮೇಲ್ಭಾಗ ನೋಡಿ. ಮೈ ನೀಲಿಯಾಗಿದೆಯಾ ಅಂತ ಫೋನಿನಲ್ಲಿ ಕೇಳಿದರೆ ತುಟಿ, ನಾಲಿಗೆ, ಒಸಡು ನೋಡಿ ಹೇಳಿ. ಕಲೆ ಕಾಣಲಿ ಬಿಡಲಿ, ಮಗು ಕರೆದರೆ ಏಳದಷ್ಟು ಮಂಕಾಗಿದ್ದರೆ ಲೋಟ ಹುಡುಕುತ್ತಾ ಕೂರಬೇಡಿ.

ಬಾಣಂತನಕ್ಕೆ ಬಂದ ಅಜ್ಜಿಯಂದಿರಿಗೂ ಒಂದು ಮಾತು. ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸುವುದು ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಇದೆ. ಒಂದು ವರ್ಷ ತುಂಬುವವರೆಗೆ ಜೇನು ಬೇಡ. ಅದರಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾ ಕೂಸಿನ ಹೊಟ್ಟೆಯಲ್ಲಿ ವಿಷವಾಗುತ್ತೆ. ಕಣ್ಣಿಗೆ ಕಾಡಿಗೆಯೂ ಬೇಡ. ಕೆಲವು ಕಾಡಿಗೆಯಲ್ಲಿ ಸೀಸ ಇರುತ್ತದೆ. ಇದನ್ನು ಅಮ್ಮನಿಗೋ ಅತ್ತೆಗೋ ಹೇಳುವುದು ಕಷ್ಟ, ನನಗೆ ಗೊತ್ತು. ಕೂಸನ್ನು ನೋಡಲು ಮನೆಗೆ ಬರುವ ನರ್ಸ್, ಅಂದರೆ ಹೆಲ್ತ್ ವಿಸಿಟರ್ ಬಾಯಿಂದಲೇ ಹೇಳಿಸಿ.

ಲಸಿಕೆಗೆ ಊರಿನ ತಾಯಿ ಕಾರ್ಡ್ ಅಥವಾ ಲಸಿಕೆ ಪುಸ್ತಕ ತಪ್ಪದೆ ತನ್ನಿ. ಜಿಪಿ ಅದನ್ನು ನೋಡಿ ಉಳಿದಿದ್ದು ಹಾಕುತ್ತಾರೆ. ಇಲ್ಲಿ ಬಿಸಿಜಿ ಎಲ್ಲಾ ಕೂಸುಗಳಿಗೂ ಹಾಕುವುದಿಲ್ಲ. ಅಪ್ಪ, ಅಮ್ಮ ಅಥವಾ ಅಜ್ಜ ಅಜ್ಜಿ ಭಾರತದಂಥ ಕ್ಷಯ ಜಾಸ್ತಿ ಇರುವ ದೇಶದಲ್ಲಿ ಹುಟ್ಟಿದ್ದರೆ ಹಾಕುತ್ತಾರೆ, ಅಂದರೆ ನಮ್ಮ ಕೂಸುಗಳಿಗೆ ಉಂಟು. ಯಾರೂ ಕೇಳದಿದ್ದರೆ ನೀವೇ ನೆನಪಿಸಿ. 2026ರ ಜನವರಿಯಿಂದ ಅಮ್ಮ ಬಂದಿದೆ ಅಂತ ನಾವು ಹೆದರುವ ಚಿಕನ್‌ಪಾಕ್ಸ್‌ಗೂ ಇಲ್ಲಿ ಲಸಿಕೆ ಶುರುವಾಗಿದೆ.

ಶುಗರ್, ಮತ್ತೆ ರಿಪೋರ್ಟಿನ ಅಂಕಿಗಳು

ದಕ್ಷಿಣ ಏಷ್ಯಾದವರಿಗೆ ಶುಗರ್ ಬೇಗ ಬರುತ್ತೆ, ತೂಕ ಕಡಿಮೆ ಇದ್ದರೂ ಬರುತ್ತೆ. ಇಲ್ಲಿನ ಮಾರ್ಗಸೂಚಿಯೇ ಇದನ್ನು ಒಪ್ಪುತ್ತದೆ. ಬೇರೆಯವರಿಗೆ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ, 25 ದಾಟಿದರೆ ಎಚ್ಚರಿಕೆ, ನಮಗೆ 23ಕ್ಕೇ. ಬೊಜ್ಜಿನ ಗೆರೆ ಅವರಿಗೆ 30 ಅಂದರೆ ನಮಗೆ 27.5. ಗೋಡೆಗೆ ಅಂಟಿಸಿದ ಸಾಮಾನ್ಯ ಚಾರ್ಟಿನಲ್ಲಿ ನೀವು ಹಸಿರು ಬಣ್ಣದಲ್ಲಿದ್ದೀರಿ ಅಂತ ನಿಶ್ಚಿಂತೆ ಬೇಡ. ಬಸುರಿಯರಿಗೂ ಇದೇ ಕಾರಣಕ್ಕೆ 24ರಿಂದ 28ನೇ ವಾರದಲ್ಲಿ ಗ್ಲೂಕೋಸ್ ಕುಡಿಸಿ ಪರೀಕ್ಷೆ ಮಾಡುತ್ತಾರೆ. ಕರೆ ಬರದಿದ್ದರೆ ಮಿಡ್‌ವೈಫನ್ನು ಕೇಳಿ.

ಊರಿನ ರಿಪೋರ್ಟ್ ತಂದವರು ಮೊದಲು ಎಡವುವುದು ಅಂಕಿಗಳಲ್ಲಿ. ಬೆಂಗಳೂರಿನ ಲ್ಯಾಬಿನಲ್ಲಿ ಖಾಲಿ ಹೊಟ್ಟೆಯ ಶುಗರ್ 126 ಅಂತ ಬರೆದರೆ ಇಲ್ಲಿ ಅದೇ 7. ಊರಿನ ಅಂಕಿಯನ್ನು 18ರಿಂದ ಭಾಗಿಸಿದರೆ ಇಲ್ಲಿನದು ಬರುತ್ತದೆ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಅಲ್ಲಿ 6.5 ಇದ್ದರೆ ಇಲ್ಲಿ 48 ಅಂತ ಬರುತ್ತದೆ. ನಮ್ಮ ಸಂಘದ ಹಿರಿಯರೊಬ್ಬರು 48 ನೋಡಿ ರಾತ್ರಿಯೆಲ್ಲಾ ನಿದ್ದೆಗೆಟ್ಟಿದ್ದರು. ಇನ್ನೊಂದು ಗೊಂದಲವೂ ಇದೆ. ಊರಲ್ಲಿ 5.7ರಿಂದಲೇ ಪ್ರಿಡಯಾಬಿಟಿಸ್ (ಶುಗರಿನ ಹೊಸ್ತಿಲು) ಅಂತಾರೆ, ಇಲ್ಲಿ 6ರಿಂದ, ಅಂದರೆ 42ರಿಂದ. 5.8 ಇದ್ದವರಿಗೆ ಅಲ್ಲಿ ಎಚ್ಚರಿಕೆ ಕೊಟ್ಟಿರುತ್ತಾರೆ, ಇಲ್ಲಿ "ನಾರ್ಮಲ್" ಅಂತ ಮೆಸೇಜ್ ಬರುತ್ತದೆ. ರೋಗ ಹೋಯಿತು ಅಂತ ಅಲ್ಲ, ಗೆರೆ ಎಳೆದಿರುವ ಜಾಗ ಬೇರೆ. ಅನ್ನ ಕಡಿಮೆ ಮಾಡಿ ನಡೆಯುವುದು ಶುರು ಮಾಡಿದ್ದರೆ ಬಿಡಬೇಡಿ. 40 ದಾಟಿದ ಮೇಲೆ ಐದು ವರ್ಷಕ್ಕೊಮ್ಮೆ ಇಂಗ್ಲೆಂಡಿನಲ್ಲಿ ಉಚಿತ ಹೆಲ್ತ್ ಚೆಕ್ ಇದೆ, ಬಿಪಿ, ಶುಗರ್ ಇಂಥ ರೋಗ ಈಗಾಗಲೇ ಇಲ್ಲದವರಿಗೆ. ಕಾಗದ ಬಂದರೆ ಕಸಕ್ಕೆ ಹಾಕಬೇಡಿ.

ವಿಟಮಿನ್ ಡಿ ಎಲ್ಲರೂ ತಗೊಳ್ಳಿ. ಇಲ್ಲಿಯವರಿಗೆ ಚಳಿಗಾಲದಲ್ಲಿ ದಿನಕ್ಕೆ 10 ಮೈಕ್ರೊಗ್ರಾಂ ಅಂತ ಸಲಹೆ, ನಮ್ಮ ಬಣ್ಣದವರಿಗೆ ವರ್ಷವಿಡೀ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತೆ.

ಮಾತ್ರೆಗಳ ವಿಷಯ

ಊರಿನ ಬ್ರ್ಯಾಂಡ್ ಹೆಸರು ಇಲ್ಲಿ ಅರ್ಥವಾಗುವುದಿಲ್ಲ. ಥೈರೋನಾರ್ಮ್ ಅನ್ನಬೇಡಿ, ಲಿವೊಥೈರಾಕ್ಸಿನ್ ಅನ್ನಿ. ಗ್ಲೈಕೊಮೆಟ್ ಅಂದರೆ ಮೆಟ್‌ಫಾರ್ಮಿನ್. ಸ್ಟ್ರಿಪ್ಪಿನ ಹಿಂದೆ ಸಣ್ಣಕ್ಷರದಲ್ಲಿ ಇರುವ ಹೆಸರನ್ನು ಫೋಟೋ ತೆಗೆದಿಟ್ಟುಕೊಳ್ಳಿ. ಊರಿಂದ ತಂದ ಡೋಲೋ 650 ಕೂಡ ಪ್ಯಾರಸಿಟಮಾಲೇ. ಅದರ ಜೊತೆ ಪ್ಯಾರಸಿಟಮಾಲ್ ಇರುವ ಇಲ್ಲಿನ ನೆಗಡಿ ಪುಡಿ ಕುಡಿದರೆ ಡೋಸ್ ಎರಡಾಗುತ್ತೆ, ಲಿವರಿಗೆ ಅಪಾಯ.

ಇಂಗ್ಲೆಂಡಿನಲ್ಲಿ ಚೀಟಿಯಲ್ಲಿ ಬರೆದ ಒಂದೊಂದು ಔಷಧಿಗೆ 9.90 ಪೌಂಡ್. ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಉಚಿತ. ಆದರೆ ಥೈರಾಯ್ಡ್ ಕಡಿಮೆ ಇದ್ದು ದಿನಾ ಮಾತ್ರೆ ತಗೊಳ್ಳುವವರಿಗೆ, ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರಿಗೆ ವಿನಾಯಿತಿ ಸರ್ಟಿಫಿಕೇಟ್ ಸಿಗುತ್ತದೆ. ಅದು ಬಂದರೆ ಚೀಟಿಯಲ್ಲಿ ಬರೆದ ಎಲ್ಲಾ ಔಷಧಿಯೂ ಉಚಿತ, ಥೈರಾಯ್ಡಿನದು ಮಾತ್ರ ಅಲ್ಲ. ನನಗೆ ಇದು ಗೊತ್ತಾಗಿದ್ದು ಎರಡು ವರ್ಷ ದುಡ್ಡು ಕೊಟ್ಟ ಮೇಲೆ. ಜಿಪಿ ಹತ್ತಿರ ಫಾರ್ಮ್ ಇಸ್ಕೊಳ್ಳಿ. ಬಸುರಿಯರಿಗೂ, ಹೆತ್ತು ಒಂದು ವರ್ಷದವರೆಗೂ ಇಂಥದ್ದೇ ಬೇರೆ ಸರ್ಟಿಫಿಕೇಟ್ ಇದೆ.

ವಿಸಿಟ್ ವೀಸಾದಲ್ಲಿ ಬರುವ ಅಪ್ಪ ಅಮ್ಮನ ಲೆಕ್ಕ ಬೇರೆ. ಅವರು ಸರ್ಚಾರ್ಜ್ ಕಟ್ಟಿರುವುದಿಲ್ಲ. ಜಿಪಿಗೆ ತೋರಿಸಬಹುದು, ತುರ್ತು ವಿಭಾಗದಲ್ಲೂ ನೋಡುತ್ತಾರೆ. ಆದರೆ ಆಸ್ಪತ್ರೆಗೆ ಸೇರಿಸಿಕೊಂಡರೆ ಮಾಮೂಲಿ ದರದ ಒಂದೂವರೆ ಪಟ್ಟು ಬಿಲ್. ಹಳೆಯ ಬಿಪಿ, ಶುಗರ್, ಹಾರ್ಟ್ ಎಲ್ಲವನ್ನೂ ಮುಚ್ಚಿಡದೆ ಬರೆದು, ಅದಕ್ಕೂ ಸೇರುವ ಇನ್ಶೂರೆನ್ಸ್ ಮಾಡಿಸಿಯೇ ವಿಮಾನ ಹತ್ತಿಸಿ.

ಪಟ್ಟು ಹಿಡಿಯಬೇಕಾದಾಗ

ಮಾರ್ಗಸೂಚಿ ಗೊತ್ತಿರಬೇಕು ಅಂದೆ. ಡಾಕ್ಟರ್ ಹೇಳಿದ್ದಕ್ಕೆಲ್ಲಾ ತಲೆಯಾಡಿಸಿ ಬನ್ನಿ ಅಂತ ಅಲ್ಲ. ನಮ್ಮವರು ಸಂಕೋಚದಿಂದ ನೋವನ್ನು ಕಡಿಮೆ ಮಾಡಿ ಹೇಳುತ್ತಾರೆ. ಅಪಾಯಿಂಟ್‌ಮೆಂಟ್ ಸಾಮಾನ್ಯವಾಗಿ ಹತ್ತೇ ನಿಮಿಷ. ಯಾವಾಗ ಶುರು, ಏನು ಮಾಡಿದರೆ ಜಾಸ್ತಿ, ಯಾವ ಕೆಲಸ ಮಾಡಲು ಆಗುತ್ತಿಲ್ಲ, ಇಷ್ಟನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಮುಖ್ಯವಾದದ್ದನ್ನು ಮೊದಲು ಹೇಳಿ. ಇಂಗ್ಲಿಷ್ ತಡವರಿಸುವವರು ಅಪಾಯಿಂಟ್‌ಮೆಂಟ್ ತಗೊಳ್ಳುವಾಗಲೇ ಕನ್ನಡ ಗೊತ್ತಿರುವ ದುಭಾಷಿ ಬೇಕು ಅನ್ನಿ, ಅದಕ್ಕೆ ದುಡ್ಡಿಲ್ಲ. ಅಮ್ಮನ ಹೊಟ್ಟೆನೋವಿಗೆ ಹತ್ತು ವರ್ಷದ ಮಗನನ್ನು ದುಭಾಷಿ ಮಾಡಬೇಡಿ.

ಜೆಸಿಕಾ ಬ್ರೇಡಿ ಅನ್ನುವ 27 ವರ್ಷದ ಹುಡುಗಿ ಇಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಲ ಜಿಪಿಯನ್ನು ಸಂಪರ್ಕಿಸಿದ್ದಳು. ಕ್ಯಾನ್ಸರ್ ಅಂತ ಗೊತ್ತಾಗುವಷ್ಟರಲ್ಲಿ ತಡವಾಗಿತ್ತು, 2020ರಲ್ಲಿ ತೀರಿಕೊಂಡಳು. ಅವಳ ಅಪ್ಪ ಅಮ್ಮನ ಹೋರಾಟದಿಂದ 2025ರಲ್ಲಿ ಜೆಸ್ ರೂಲ್ ಬಂತು. ಒಂದೇ ತೊಂದರೆಗೆ ಮೂರು ಸಲ ಹೋದರೂ ಕಾರಣ ಸಿಗದಿದ್ದರೆ ಅಥವಾ ಜಾಸ್ತಿಯಾಗುತ್ತಿದ್ದರೆ ಜಿಪಿ ಮೊದಲಿಂದ ಯೋಚಿಸಬೇಕು. "ಇದು ಮೂರನೇ ಸಲ" ಅಂತ ನೀವು ಬಾಯಿಬಿಟ್ಟು ಹೇಳಿ. ಪ್ರತಿ ಸಲ ಬೇರೆ ಡಾಕ್ಟರ್ ಇದ್ದರೆ ಅವರಿಗೆ ಹೊಳೆಯದಿರಬಹುದು.

ಆಸ್ಪತ್ರೆಯ ಒಳಗೆ ಮಾರ್ತಾ ರೂಲ್ ಇದೆ. ಮಾರ್ತಾ ಮಿಲ್ಸ್ 13 ವರ್ಷದ ಹುಡುಗಿ, 2021ರಲ್ಲಿ ಆಸ್ಪತ್ರೆಯಲ್ಲಿ ನಂಜೇರಿ ತೀರಿಕೊಂಡಳು. ಮಗಳ ಸ್ಥಿತಿ ಕೆಡುತ್ತಿದೆ ಅಂತ ಅಪ್ಪ ಅಮ್ಮ ಹೇಳಿದರೂ ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಈಗ ಇಂಗ್ಲೆಂಡಿನ ದೊಡ್ಡ ಆಸ್ಪತ್ರೆಗಳಲ್ಲಿ ರೋಗಿಯಾಗಲಿ ಮನೆಯವರಾಗಲಿ ಒಂದು ನಂಬರಿಗೆ ಫೋನ್ ಮಾಡಿ ಬೇರೆ ತಂಡವನ್ನು ಕರೆಸಬಹುದು, ದಿನದ 24 ಗಂಟೆಯೂ. ವಾರ್ಡಿನ ಡಾಕ್ಟರ ಅಪ್ಪಣೆ ಬೇಕಿಲ್ಲ. ಅಡ್ಮಿಟ್ ಆದ ದಿನವೇ ನರ್ಸನ್ನು ಕೇಳಿ ಆ ನಂಬರನ್ನು ಫೋನಿನಲ್ಲಿ ಹಾಕಿಕೊಳ್ಳಿ. ರಾತ್ರಿ ಪಕ್ಕದಲ್ಲಿ ಮಲಗುವವರ ಫೋನಿನಲ್ಲೂ ಇರಲಿ.