ಕಾಗುಣಿತವನ್ನು ಅಡ್ಡ ಅಲ್ಲ, ಉದ್ದ ಓದಿಸಿ
1-2ನೇ ತರಗತಿಯವರಿಗೆ ಕ ಕಾ ಕಿ ಕೀ ಸಾಲಿನ ಬದಲು ಒಂದೇ ಗುಡಿಸು (‘ಇ’ ಸ್ವರದ ಚಿಹ್ನೆ) ಹಿಡಿದು ಕಿ, ಗಿ, ನಿ, ರಿ, ಲಿ ಓದಿಸಿ. ಕೂಡಲೇ ಕಿವಿ, ಗಿಡ, ಗಿಳಿ, ನರಿ ಕೊಡಿ. ಸಾಲನ್ನು ಮಕ್ಕಳು ರಾಗವಾಗಿ ಒಪ್ಪಿಸಿಬಿಡುತ್ತಾರೆ, ಬೋರ್ಡ್ ನೋಡುವುದೇ ಇಲ್ಲ. ಉದ್ದ ಓದಿಸಿದರೆ ಅಕ್ಷರ ಬದಲಾಗುತ್ತಾ ಹೋಗುತ್ತದೆ, ಚಿಹ್ನೆಯೂ ಅದರ ಸದ್ದೂ ಹಾಗೇ ಉಳಿಯುತ್ತವೆ. ಕಣ್ಣು ಅಲ್ಲಿಗೇ ಹೋಗಬೇಕು, ಅಲ್ವಾ? ಮೂಲ ಅಕ್ಷರಗಳೇ ಗಟ್ಟಿಯಾಗಿಲ್ಲದಿದ್ದರೆ ಇದು ನಡೆಯುವುದಿಲ್ಲ. ಯಿ, ಮೊ, ಪು ಥರ ಆಕಾರ ಬದಲಿಸುವವನ್ನು ಬೇರೆಯಾಗಿಯೇ ತೋರಿಸಿ. ಒತ್ತಕ್ಷರಕ್ಕಂತೂ ಈ ಉಪಾಯ ಸಾಲದು. ಅವಸರವೂ ಬೇಡ: ಕನ್ನಡ ಮಕ್ಕಳ ಅಕ್ಷರ ಕಲಿಕೆ 4ನೇ ತರಗತಿವರೆಗೂ ಮುಂದುವರಿಯುತ್ತದೆ ಎಂದು ಓದು ಕಲಿಕೆಯ ಸಂಶೋಧಕಿ ಸೊನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿದೆ.